ನೊಣ ಕೂರದ ಹರಿವಾಣ

ತೊರೆಗಡ ಅಂತ ಒಂದು ರಾಜ್ಯ ಇತ್ತು. ಎಲ್ಲಿ ಅಂತ ಕೇಳಬೇಡಿ. ದಾರಿ ಹೇಳುವವರು ಯಾರೂ ಉಳಿದಿಲ್ಲ.

ಆ ರಾಜ್ಯಕ್ಕೆ ಬೈಚರಾಜ ಅಂತ ಒಬ್ಬ ದೊರೆ. ಆ ದೊರೆಯ ಅರಮನೆಯಲ್ಲಿ ಸಿಂಗಯ್ಯ ಅಂತ ಒಬ್ಬ ಆಳು. ಹೆಸರು ಸಿಂಗ, ಕೆಲಸ ನೊಣ ಓಡಿಸೋದು. ದೊರೆಯ ಮುಂದೆ ಹಣ್ಣಿನ ಹರಿವಾಣ ಇಡುತ್ತಾರಲ್ಲ, ಅದರ ಪಕ್ಕ ನಿಂತು ಬೀಸಣಿಗೆ ಬೀಸಬೇಕು. ಅವನ ಅಪ್ಪನೂ ಅದನ್ನೇ ಮಾಡಿದ. ಅಜ್ಜನೂ ಅದನ್ನೇ ಮಾಡಿದ. ಯಾರೂ ಯುದ್ಧದಲ್ಲಿ ಸಾಯಲಿಲ್ಲ.

ಸಿಂಗಯ್ಯನ ಹೆಂಡತಿ ದುಂಡವ್ವ. ದೊರೆಯ ಮಗಳು ಅಮ್ಮಣ್ಣಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಒಂದು ಮಳೆಗಾಲ ಊರಿಗೆ ಜ್ವರ ಬಂತು. ರಾಣಿ ಹೋದಳು. ಹಿಂದೆಯೇ ದುಂಡವ್ವ ಹೋದಳು. ಜ್ವರಕ್ಕೆ ಅರಮನೆ ಯಾವುದು, ಆಳಿನ ಮನೆ ಯಾವುದು ಅಂತ ಗೊತ್ತಾಗಲಿಲ್ಲ.

ಅಮ್ಮಣ್ಣಿ ಉಳಿದಳು. ಉಳಿದಳು ಅಂದರೆ, ಉಸಿರಾಡುತ್ತಿದ್ದಳು. ಎರಡು ಗುಟುಕು ಗಂಜಿನೀರು ಕುಡಿಯುವಳು, ಗೋಡೆ ಕಡೆ ತಿರುಗಿ ಮಲಗುವಳು. ಕೈಬಳೆ ಮೊಳಕೈ ತನಕ ಏರಿ ಜಾರುತ್ತಿತ್ತು. ಸಿಂಗಯ್ಯ ಅದನ್ನು ನೋಡುವನು, ಬೇರೆ ಕಡೆ ನೋಡುವನು, ಮತ್ತೆ ನೋಡುವನು. ದುಂಡವ್ವ ಎತ್ತಿ ಆಡಿಸಿದ ಕೂಸು. ಇದೂ ಹೋಗಿಬಿಟ್ಟರೆ?

ದೊರೆ ಪಂಡಿತರನ್ನು ಕರೆಸಿದ. ಪಂಡಿತರು ನಾಡಿ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತಿನ ಮೇಲೆ ಹೇಳಿದರು: "ಮಗು ಊಟ ಮಾಡುತ್ತಿಲ್ಲ. ಅದಕ್ಕೇ ಸೊರಗಿದೆ."

"ಎಂಥಾ ವಿದ್ಯೆ!" ಅಂತ ಆಸ್ಥಾನ ತಲೆದೂಗಿತು.

"ಹಣ್ಣು ಕೊಡಿ. ಹಣ್ಣು ತಿಂದರೆ ಉಳಿಯುತ್ತದೆ" ಅಂದರು ಪಂಡಿತರು.

ಹಣ್ಣಿನ ಉಸ್ತುವಾರಿ ಚೆಲುವರಾಯನದು. ಅರಮನೆಯ ಪಾರುಪತ್ತೇಗಾರ ಅವನು. ತೋಟದ ಹಣ್ಣೆಲ್ಲ ಅವನ ಕೈಗೇ ಬರುವುದು, ಹರಿವಾಣ ಕಟ್ಟುವುದೂ ಅವನೇ. ಅವನು ಕೈ ಮುಗಿದು ಹೇಳಿದ: "ಮಹಾಸ್ವಾಮಿ, ಮಕ್ಕಳು ಬಾಯಲ್ಲಿ ತಿನ್ನೋದಕ್ಕೆ ಮುಂಚೆ ಕಣ್ಣಲ್ಲಿ ತಿನ್ನುತ್ತವೆ. ನನಗೆ ಬಿಡಿ."

ಮಾತು ಸರಿಯಾಗಿಯೇ ಇತ್ತು. ಕೆಟ್ಟವರ ಮಾತು ಯಾವಾಗಲೂ ಸರಿಯಾಗಿರುತ್ತದೆ.

ಇಲ್ಲಿ ತೊರೆಗಡದ ಒಂದು ಪದ್ಧತಿ ಹೇಳಬೇಕು. ಯಾವ ಮನೆ ಹೊಸಿಲು ದಾಟಿ ಹಣ್ಣು ಒಳಗೆ ಬಂತೋ, ಆ ಮನೆಯ ಕಿರಿಗೂಸು ಅದನ್ನು ಮೊದಲು ತಿನ್ನಬೇಕು. ಕೂಸು ನುಂಗಿದ ಮೇಲೆ ಮಿಕ್ಕವರು. ಕೂಸು ನುಂಗದಿದ್ದರೆ ದೊರೆಯೂ ಮುಟ್ಟುವಂತಿಲ್ಲ. ಉಳಿದ ಹಣ್ಣು ಸಂಜೆಗೆ ಕೆರೆ ಪಾಲು. ಒಳ್ಳೆಯ ಪದ್ಧತಿ. ಒಳ್ಳೆಯದಾದ್ದರಿಂದಲೇ ಚೆಲುವರಾಯನಿಗೆ ಬಹಳ ಉಪಯೋಗಕ್ಕೆ ಬಂತು.

ಮೊದಲ ಹರಿವಾಣ ಬಂತು. ನವಿಲು! ಪರಂಗಿಯಲ್ಲಿ ಕೊರೆದ ಕತ್ತು. ಅನಾನಸಿನ ಸುಳಿ ಬಿಡಿಸಿ ಮಾಡಿದ ಗರಿ. ಗರಿಗೊಂದು ದ್ರಾಕ್ಷಿಯ ಕಣ್ಣು. ಆಸ್ಥಾನ ಉಸಿರು ಬಿಡುವುದನ್ನು ಮರೆಯಿತು.

ಅಮ್ಮಣ್ಣಿ ಎದ್ದು ಕೂತಳು. ನವಿಲಿನ ಕತ್ತು ನೆಕ್ಕಿದಳು. ಮುಖ ಕಿವುಚಿದಳು.

"ಒಗರು" ಅಂದಳು.

"ಜ್ವರದ ನಾಲಗೆ" ಅಂದರು ಪಂಡಿತರು.

ನವಿಲು ಕೆರೆಗೆ ಹೋಯಿತು.

ಎರಡನೆಯ ಹರಿವಾಣ ಬಂತು. ಆನೆ! ಕಲ್ಲಂಗಡಿಯ ಮೈ, ಬಾಳೆಯ ಸೊಂಡಿಲು, ಸೀಬೆಯ ಕಿವಿ. ಮೇಲೆ ಕಿತ್ತಳೆ ತೊಳೆಯ ಅಂಬಾರಿ. ಅಮ್ಮಣ್ಣಿ ಸೊಂಡಿಲ ತುದಿಗೆ ನಾಲಗೆ ತಾಗಿಸಿದಳು.

"ಒಗರು" ಅಂದಳು.

"ನಾಲಗೆಗೆ ಇನ್ನೂ ಜ್ವರ ಇಳಿದಿಲ್ಲ" ಅಂದರು ಪಂಡಿತರು.

ಆನೆಯೂ ಕೆರೆಗೆ ಹೋಯಿತು. ಕೆರೆಯ ಮೀನು ಬಂದು ಮೂಸಿ, ವಾಪಸ್ಸು ಹೋದವು. ಮೀನಿಗೂ ಜ್ವರ ಇರಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಎರಡು ಸಲವೂ ಸಿಂಗಯ್ಯ ಪಕ್ಕದಲ್ಲಿ ನಿಂತಿದ್ದ. ಬೀಸಣಿಗೆ ಕೈಯಲ್ಲೇ ಇತ್ತು. ನೊಣ ಮಾತ್ರ ಒಂದೂ ಬರಲಿಲ್ಲ.

ಚೆಲುವರಾಯ ಅದನ್ನೂ ಬಿಡಲಿಲ್ಲ. "ನೋಡಿ ಮಹಾಸ್ವಾಮಿ, ನನ್ನ ಹರಿವಾಣ ಎಷ್ಟು ಮಡಿ! ಒಂದು ನೊಣ ಕೂರಲ್ಲ. ಈ ಸಿಂಗನಿಗೆ ದಂಡದ ಅನ್ನ."

"ಲೋ ಸಿಂಗ, ನೀನು ಈಗ ನಿಜವಾಗಿ ನೊಣ ಹೊಡೀತಾ ಇದೀಯಾ, ಇಲ್ಲ ಸುಮ್ಮನೆ ನೊಣ ಹೊಡೀತಾ ಇದೀಯಾ?" ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಸಿಂಗಯ್ಯ ಬೀಸಣಿಗೆ ಬೀಸಿದ. ದುಂಡವ್ವ ಹೋದ ಮೇಲೆ ಅವನು ಮಾತು ಕಮ್ಮಿ ಮಾಡಿದ್ದ. ಮಾತಾಡಿದರೆ ಯಾರಾದರೂ ಉತ್ತರ ಕೊಡುತ್ತಾರೆ. ಆ ಉತ್ತರ ಕೇಳಬೇಕಾಗುತ್ತದೆ.

ಮೂರನೆಯ ಹರಿವಾಣ ಬಂತು. ಚೆಲುವರಾಯ ಮೇಲಿನ ವಸ್ತ್ರ ಸರಕ್ಕನೆ ಎಳೆದ.

ರಾಣಿಯ ಮುಖ.

ಮಾವಿನ ಕೆನ್ನೆ. ನೇರಳೆಯ ಕಣ್ಣು. ದಾಳಿಂಬೆ ಕಾಳಿನ ಮೂಗುತಿ. ಮುಖದ ಸುತ್ತ ಸಂಪಿಗೆ ದಂಡೆ, ಮಾವನ್ನೇ ಎಸಳೆಸಳಾಗಿ ಕೊಯ್ದು ಮಾಡಿದ್ದು. ರಾಣಿ ಬದುಕಿದ್ದಾಗಲೂ ಅಷ್ಟು ಹೊಳೆದಿರಲಿಲ್ಲ. ಕೊಬ್ಬರಿ ಎಣ್ಣೆ ಸವರಿದ್ದರು.

ಆಸ್ಥಾನ ಅತ್ತಿತು. ದೊರೆ ಶಾಲಿನಲ್ಲಿ ಮುಖ ಮುಚ್ಚಿಕೊಂಡ. ಪಂಡಿತರು "ಆಹಾ" ಅಂದರು.

ಅಮ್ಮಣ್ಣಿ ಅಳಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪಾಜಿ, ಅಮ್ಮನ್ನ ಕೊಯ್ದು ತಿನ್ನಬೇಕಾ?"

ದೊರೆ ಮುಖದ ಮೇಲಿನ ಶಾಲು ತೆಗೆಯಲಿಲ್ಲ. ಅವಳು ಗೋಡೆ ಕಡೆ ತಿರುಗಿದಳು. ಆವತ್ತು ಗಂಜಿನೀರನ್ನೂ ಮುಟ್ಟಲಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿದರು. ದುಃಖ ಆದಾಗ ಅರಮನೆಯಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಸಿಂಗಯ್ಯ ಒಬ್ಬನೇ ಹರಿವಾಣ ಕಾಯುತ್ತಾ ಕೂತ. ಸತ್ತವರ ಮುಖವನ್ನು ಹೀಗೆ ತಟ್ಟೆಯಲ್ಲಿಟ್ಟು ಮೆರೆಸುವವನಿಗೆ ಮನೆಯಲ್ಲಿ ಯಾರೂ ಸತ್ತಿರಲಿಕ್ಕಿಲ್ಲ ಅಂದುಕೊಂಡ.

ಆಗ ಒಂದು ಮುದಿ ನೊಣ ಬಂತು. ರಾಣಿಯ ಕೆನ್ನೆ ಮೇಲೆ ಕೂತಿತು. ಕಾಲು ಉಜ್ಜಿತು. ತಕ್ಷಣ ಎದ್ದು ಹೊರಟಿತು.

ಸಿಂಗಯ್ಯ ಬೀಸಣಿಗೆ ಕೆಳಗಿಟ್ಟ. "ನೊಣವ್ವಾ, ನಿಲ್ಲು. ನಮ್ಮಪ್ಪನ ಕಾಲದಲ್ಲಿ ಓಡಿಸಿದರೂ ಹೋಗುತ್ತಿರಲಿಲ್ಲ. ಈಗ ಕರೆದರೂ ಕೂರಲ್ಲ. ಯಾಕೆ?"

"ಕೂತು ಏನು ಮಾಡಲಿ ಸಿಂಗಣ್ಣ?" ಅಂತು ನೊಣ. "ಇದೇನು ಹಣ್ಣಾ? ಎಲ್ಲಾ ಕಾಯಿ! ಹಣ್ಣಾದದ್ದು ಚಾಕು ಇಟ್ಟರೆ ಸೋರುತ್ತೆ, ಕಿವಿ ಮೂಗು ನಿಲ್ಲಲ್ಲ. ಅದಕ್ಕೇ ಹಸಿಗಾಯಿ ಕೊರೆದಿದ್ದಾನೆ. ಹಳದಿಗೆ ಅರಿಶಿನ. ಕೆಂಪಿಗೆ ಬಸಳೆ ಹಣ್ಣಿನ ರಸ. ಹೊಳಪಿಗೆ ಎಣ್ಣೆ. ಎಣ್ಣೆ ತಿನ್ನೋಕೆ ನಾನೇನು ಗಾಣಾನಾ?"

"ಹಾಗಾದರೆ ತೋಟದ ಹಣ್ಣೆಲ್ಲ ಎಲ್ಲಿ?"

"ಚೆಲುವರಾಯನ ಮನೆ ಒಳಕೋಣೇಲಿ. ಅಯ್ಯೋ, ಏನು ಹಬ್ಬ! ನಮ್ಮ ಕುಲವೆಲ್ಲ ಅಲ್ಲೇ ಬಿಡಾರ ಹೂಡಿದೆ. ನಾನು ತವರು ಹೇಗಿದೆ ನೋಡೋಣ ಅಂತ ಈ ಕಡೆ ಬಂದೆ, ಅಷ್ಟೇ." ನೊಣ ಹಾರಿಹೋಯಿತು.

ಸಿಂಗಯ್ಯ ಯೋಚಿಸಿದ. ನಿಧಾನವಾಗಿಯೇ ಯೋಚಿಸಿದ, ಅವನಿಗೆ ಬೇಗ ಬರುತ್ತಿರಲಿಲ್ಲ. ಕಾಯಿ ಅಂತ ಬಾಯಿಬಿಟ್ಟರೆ, ಕೂಸಿಗಿಂತ ಮೊದಲು ನೀನು ತಿಂದೆಯಾ ಅಂತ ತಲೆ ತೆಗೆಸುತ್ತಾರೆ. ನೊಣ ಹೇಳಿತು ಅಂದರೆ ನಗುತ್ತಾರೆ. ಕೂಸೇ ಎರಡು ಸಲ ಒಗರು ಅಂತ ಹೇಳಿತು, ಜ್ವರ ಅಂದರು. ಹಾಗಾದರೆ ಜ್ವರ ಇಲ್ಲದ ಒಂದು ಕೂಸಿನ ನಾಲಗೆ ಬೇಕು.

ಸಂಜೆ ಹರಿವಾಣ ಕೆರೆಗೆ ಹೊರಡುವಾಗ ಸಿಂಗಯ್ಯ ದೊರೆಯ ಕಾಲಿಗೆ ಬಿದ್ದ.

"ಬುದ್ಧೀ, ಒಂದು ಮಾತು."

"ಏನೋ ಸಿಂಗ? ನೀನು ಮಾತಾಡೋದೂ ಉಂಟಾ?"

"ಇಷ್ಟು ಚೆಂದದ ಹರಿವಾಣ ಕೆರೆ ಪಾಲಾಗೋದು ನೋಡೋಕಾಗಲ್ಲ ಬುದ್ಧಿ. ಅಮ್ಮಣ್ಣಿ ಅವರ ಬಾಯಿಗೆ ಜ್ವರ. ಆದರೆ ಚೆಲುವರಾಯರ ಕಿರೀ ಮಗ ಮುದ್ದುರಾಯ ಗುಂಡುಕಲ್ಲು ಇದ್ದಂಗೆ ಇದಾನೆ. ಹರಿವಾಣ ಅವರ ಮನೆ ಹೊಸಿಲು ದಾಟಲಿ. ಆ ಕೂಸು ತಿನ್ನಲಿ. ಪದ್ಧತಿ ಉಳಿಯುತ್ತೆ. ಆಮೇಲೆ ಬುದ್ಧಿಯವರೂ ರುಚಿ ನೋಡಬಹುದು. ದೊರೆ ಮನೆಗೆ ಬಂದು ಹಣ್ಣು ತಿಂದರು ಅನ್ನೋ ಮರ್ಯಾದೆ ಚೆಲುವರಾಯರಿಗಲ್ಲದೆ ಇನ್ನು ಯಾರಿಗೆ ಸಲ್ಲಬೇಕು? ಅಮ್ಮಣ್ಣಿ ಅವರನ್ನೂ ಎತ್ತಿಕೊಂಡು ಹೋಗೋಣ, ಗಾಳಿ ಬದಲಾಗುತ್ತೆ."

ಮರ್ಯಾದೆ ಅನ್ನುವ ಮಾತು ಕೇಳಿ ಚೆಲುವರಾಯನ ಎದೆ ಉಬ್ಬಿತು. ಅರೆಗಳಿಗೆ ಕಳೆದ ಮೇಲೆ ಇಳಿಯಿತು.

"ಮಹಾಸ್ವಾಮಿ, ನಮ್ಮದು ಬಡಮನೆ" ಅಂದ.

"ದೊರೆಗಳು ಜಗಲಿ ಮೇಲೆ ಕೂರುತ್ತಾರೆ" ಅಂದ ಸಿಂಗಯ್ಯ.

"ಮಗು ಮಲಗಿರುತ್ತೆ."

"ಹಣ್ಣು ಅಂದರೆ ಯಾವ ಮಗು ಏಳಲ್ಲ?"

"ಮನೇಲಿ... ಮನೇಲಿ ನೊಣ ಜಾಸ್ತಿ ಮಹಾಸ್ವಾಮಿ!"

ಸಿಂಗಯ್ಯ ಬೀಸಣಿಗೆ ಎತ್ತಿ ಹಿಡಿದ. "ಅದಕ್ಕೇ ಅಲ್ಲವಾ ಸ್ವಾಮಿ, ನಾನು ಇರೋದು?"

ದೊರೆ ಎದ್ದ. ಮುಂದೆ ಹರಿವಾಣ, ಹಿಂದೆ ದೊರೆ, ಪಂಡಿತರು, ಅವರ ಹಿಂದೆ ಅಮ್ಮಣ್ಣಿಯನ್ನು ಹೆಗಲ ಮೇಲೆ ಹೊತ್ತ ಸಿಂಗಯ್ಯ. ಕೂಸಿಗೆ ಭಾರವೇ ಇರಲಿಲ್ಲ. ಅದು ಅವನಿಗೆ ಬಹಳ ಭಾರವಾಯಿತು. ಎಲ್ಲರಿಗಿಂತ ಹಿಂದೆ ಚೆಲುವರಾಯ. ಅವನ ಮನೆಗೆ ಅವನೇ ಕೊನೆಗೆ ಬಂದ.

ಮುದ್ದುರಾಯ ಬಾಗಿಲಲ್ಲೇ ಇದ್ದ. ಹೊಟ್ಟೆ ಮುಂದೆ, ಕೂಸು ಹಿಂದೆ.

"ರಾಣಿಯ ಮುಖ ಮುಟ್ಟಬೇಡಿ" ಅಂದ ದೊರೆ. "ದಂಡೆಯಿಂದ ಒಂದೆಸಳು ಕೊಡಿ."

ಕೊಟ್ಟರು. ಮುದ್ದುರಾಯ ಒಂದು ಸಲ ಕಚ್ಚಿದ. ಕಣ್ಣು ಮುಚ್ಚಿದ. ಥೂ ಅಂತ ಉಗಿದ. ಉಗಿದದ್ದು ಪಂಡಿತರ ಪಂಚೆ ಮೇಲೆ ಬಿತ್ತು.

"ಒಗರು!" ಅಂತ ಕಿರುಚಿದ. "ಅಪ್ಪಾ, ಇದು ಅರಮನೇದು! ನಂಗೆ ಬೇಡ! ನಮ್ಮ ಮನೇದು ಕೊಡು! ಒಳಗಿರೋದು ಕೊಡು!"

ಪಂಡಿತರು ಅವನ ನಾಡಿ ಹಿಡಿಯಲು ಹೋದರು. ಅವರ ಬೆರಳು ಕೂಸಿನ ಮಣಿಕಟ್ಟಿನ ಸುತ್ತ ಬರಲಿಲ್ಲ. ಜ್ವರ ಅನ್ನಲು ಅವರಿಗೂ ಧೈರ್ಯ ಸಾಲಲಿಲ್ಲ.

ಮುದ್ದುರಾಯ ತಾನೇ ಓಡಿಹೋಗಿ ಒಳಕೋಣೆಯ ಬಾಗಿಲು ತಳ್ಳಿದ. ಘಮ್ ಅಂತ ವಾಸನೆ ಬಂತು. ಗುಯ್ ಅಂತ ನೊಣ ಎದ್ದವು. ಒಳಗೆ ರಾಶಿ ರಾಶಿ ಹಣ್ಣು. ಚುಕ್ಕೆ ಬಿದ್ದ ಬಾಳೆ. ಬಿರಿದ ಸೀತಾಫಲ. ಗಿಣಿ ಕಚ್ಚಿದ ಸೀಬೆ. ತೊಟ್ಟಿನ ಹತ್ತಿರ ರಸ ಒಸರುವ ಮಾವು. ನೋಡಲು ಒಂದೂ ಚೆನ್ನಾಗಿರಲಿಲ್ಲ. ಮುದ್ದುರಾಯ ಆಗಲೇ ಒಂದನ್ನು ಬಾಯಿಗೆ ತುರುಕಿಕೊಂಡಿದ್ದ.

ಅಮ್ಮಣ್ಣಿ ಸಿಂಗಯ್ಯನ ಹೆಗಲಿಂದ ಜಾರಿದಳು. ನಡೆದಳು. ಗೋಡೆ ಹಿಡಿದುಕೊಂಡು, ಆದರೂ ನಡೆದಳು. ಒಂದು ಮಾವು ಎತ್ತಿಕೊಂಡಳು. ದೊರೆ ಉಸಿರು ಹಿಡಿದ. ಸಿಂಗಯ್ಯ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ, ಸಹಾಯ ಮಾಡಿಬಿಟ್ಟೇನು ಅಂತ.

ಅವಳು ತೊಟ್ಟು ಕಚ್ಚಿ ಉಗಿದಳು. ಹಣ್ಣು ಹಿಸುಕಿದಳು. ಬಾಯಿಗೆ ಇಟ್ಟು ಚೀಪಿದಳು. ರಸ ಮೊಳಕೈ ತನಕ ಇಳಿಯಿತು. ಅವಳು ಮೊಳಕೈಯನ್ನೂ ನೆಕ್ಕಿದಳು.

"ಸಿಂಗಣ್ಣಾ, ಇನ್ನೊಂದು" ಅಂದಳು.

ದೊರೆ ಹೊಸಿಲ ಮೇಲೆಯೇ ಕುಸಿದು ಕೂತ. ಎರಡು ಮನೆಯ ಕಿರಿಗೂಸೂ ತಿಂದಾಗಿತ್ತು. ಅವನೂ ಒಂದು ಬಾಳೆಹಣ್ಣು ಸುಲಿದ. ತಿನ್ನುತ್ತಾ ಅತ್ತ. ಅಳುತ್ತಾ ತಿಂದ.

ಪಂಡಿತರು ಪಂಚೆ ಒರೆಸಿಕೊಂಡು ಹೇಳಿದರು: "ನನ್ನ ಔಷಧಿ ಸ್ವಲ್ಪ ನಿಧಾನ. ಈಗ ಹತ್ತಿತು ನೋಡಿ."

ಚೆಲುವರಾಯ ಕಾಲಿಗೆ ಬಿದ್ದ. "ತಲೆ ಉಳಿಸಿ ಮಹಾಸ್ವಾಮಿ."

"ತಲೆ ಯಾಕೆ ತೆಗೆಸಲಿ?" ಅಂದ ದೊರೆ. "ನಿನ್ನ ಕೈ ಬಹಳ ಚೆಂದ. ದಿನಾ ಒಂದು ಹರಿವಾಣ ಕಟ್ಟು. ಇಡೀ ಊರು ನೋಡಲಿ. ನೋಡಿದ ಮೇಲೆ ನೀನೇ ತಿನ್ನು. ಬಾಲದಿಂದ ಕೊಕ್ಕಿನ ತನಕ. ರಾಣಿಯ ಮುಖವೊಂದು ಬೇಡ. ಅದನ್ನು ನಾನೇ ಕೆರೆಗೆ ಬಿಟ್ಟು ಬರುತ್ತೇನೆ."

ಮಾರನೆ ದಿನ ಚೆಲುವರಾಯ ಒಂದು ಹಂಸ ಕೊರೆದ. ಅದರ ಮಾರನೆ ದಿನ ಗುಬ್ಬಿ. ಆಮೇಲೆ ಜೇನುಹುಳು. ಆಮೇಲಾಮೇಲೆ ಅವನ ಕಲೆ ಎಷ್ಟು ಸೂಕ್ಷ್ಮವಾಯಿತು ಅಂದರೆ, ನೋಡಲು ಜನ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಕೊನೆಗೆ, ಕಾಯಿ ಸಾಕು, ಹಣ್ಣಿನಲ್ಲೇ ಕೊರೆಯಲಾ ಮಹಾಸ್ವಾಮಿ ಅಂತ ತಾನೇ ಕೇಳಿದ.

ಅಷ್ಟರಲ್ಲಿ ಅರಮನೆಯಲ್ಲಿ ಹರಿವಾಣದ ಕೆಲಸ ಅಮ್ಮಣ್ಣಿ ಹಿಡಿದಿದ್ದಳು. ಕಲ್ಲಂಗಡಿ ಎರಡು ಹೋಳು ಮಾಡಿ, ತಿರುಳು ತೆಗೆದು, ಆ ಸಿಪ್ಪೆಯನ್ನೇ ಬಟ್ಟಲು ಮಾಡುವಳು. ಅದೇ ತಿರುಳು, ಬಾಳೆ, ಸಪೋಟ ಎಲ್ಲ ಕೈಗೆ ಬಂದ ಹಾಗೆ ಹೆಚ್ಚಿ ತುಂಬುವಳು. ಪರಂಗಿ ಹಣ್ಣು ಸೀಳಿದರೆ ದೋಣಿ. ದೋಣಿ ತುಂಬ ದಾಳಿಂಬೆ ಕಾಳು. ತೆಂಗಿನ ಚಿಪ್ಪಿಗೆ ನೇರಳೆ, ಮೇಲೆ ಚಿಟಿಕೆ ಉಪ್ಪು. ಹಲಸಿನ ತೊಳೆಯ ಬೀಜ ತೆಗೆದು, ಆ ಜಾಗಕ್ಕೆ ಕಾಯಿತುರಿ, ಬೆಲ್ಲ. ದೋಣಿ ವಾಲುತ್ತಿತ್ತು. ಬಟ್ಟಲು ಸೋರುತ್ತಿತ್ತು. ಹಳದಿ ಕೆಂಪಿಗೆ ತಾಗಿ, ಕೆಂಪು ನೇರಳೆಗೆ ತಾಗಿ, ಯಾವ ಬಣ್ಣ ಯಾವುದು ಅಂತ ತಿಳಿಯುತ್ತಿರಲಿಲ್ಲ. ಅವಳ ಕೆನ್ನೆ ಮೇಲೂ ಅದೇ ಬಣ್ಣ.

ನೀವೂ ಮನೆಯಲ್ಲಿ ಮಾಡಿ. ಬಣ್ಣ ಬಣ್ಣವಾಗಿ ಮಾಡಿ, ಚೆಂದವಾಗಿ ಮಾಡಿ, ಬೇಡ ಅಂದವರು ಯಾರು? ಆದರೆ ಹಣ್ಣು ಇರೋದು ತಿನ್ನೋಕೆ. ಹಸಿದವರ ಮುಂದೆ ಬರೀ ಅಂದ ಇಡುವವನು ಕಳ್ಳ. ಕೂಸು ಒಗರು ಅಂದರೆ ಕೂಸಿನ ನಾಲಗೆ ನೋಡಬೇಡಿ, ಹಣ್ಣು ನೋಡಿ. ಇದೇ ನೀತಿ.

ತೊರೆಗಡ ಅಲ್ಲೇ ಇರಲಿ. ಇಲ್ಲಿ ಹಣ್ಣು ಹೆಚ್ಚಿದ್ದಾಗಿದೆ, ಏಳಿ, ಕೈ ತೊಳೆದು ಬನ್ನಿ. ಚಿಕ್ಕವರು ಮುಂದೆ ಕೂತುಕೊಳ್ಳಿ.