ದಿನಕ್ಕೊಂದು ಮೊರ

ಬಾ ಮಗ, ಈ ಕಡೆ ಮಲಗು. ಮೊದಲು ಆ ಗೊಂಬೆ, ಆ ಬುಗುರಿ, ಆ ಹರಿದ ಗಾಳಿಪಟ ಎಲ್ಲಾನೂ ಹಾಸಿಗೆ ಮೇಲಿಂದ ತೆಗಿ. ಬೆನ್ನಿಗೆ ಚುಚ್ತಾ ಇದ್ರೆ ಕತೆ ಕಿವಿಗೆ ಇಳಿಯಲ್ಲ. ಹಾಂ, ಈಗ ಸರಿ. ಹೂಂಗುಡ್ತಾ ಇರ್ಬೇಕು, ತಿಳೀತಾ? ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನನಗೂ ಒಬ್ಬಳು ಅಜ್ಜಿ ಇದ್ದು, ಆ ಅಜ್ಜಿ ಇನ್ನೂ ಹುಟ್ಟೇ ಇರದ ಕಾಲದಲ್ಲಿ, ಕಲ್ಲುಬಾವಿಪುರ ಅಂತ ಒಂದೂರಿತ್ತಂತೆ. ಆ ಊರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು ಇದ್ಳಂತೆ. ಕೈ ದೊಡ್ಡದು, ಬಾಯಿ ಇನ್ನೂ ದೊಡ್ಡದು, ಮನಸ್ಸು ಮಾತ್ರ ಎಳೇ ಬೆಣ್ಣೆ. ಅವಳಿಗೆ ಒಂದೇ ಒಂದು ಚಟ. ಯಾವುದನ್ನೂ ಬಿಸಾಕೋಳಲ್ಲ. ತಳ ಹೋದ ಚೊಂಬು, ಹಿಡಿ ಇಲ್ಲದ ಕುಡುಗೋಲು, ಹಲ್ಲು ಮುರಿದ ಬಾಚಣಿಗೆ, ಗಂಡನ ಒಂಟಿ ಎಕ್ಕಡ, ಯಾವತ್ತೋ ಸತ್ತ ಎತ್ತಿನ ಕೊರಳ ಗಂಟೆ, ಎಲ್ಲಾ ಇರ್ಲಿ, ನಾಳೆಗೆ ಬೇಕಾಗುತ್ತೆ ಅಂತ ಎತ್ತಿಟ್ಟು ಎತ್ತಿಟ್ಟು, ಅಟ್ಟ ತುಂಬಿ, ಆಮೇಲೆ ಕೋಣೆ ತುಂಬಿ, ಆಮೇಲೆ ಪಡಸಾಲೆ ತುಂಬಿ, ಕೊನೆಗೆ ಅವಳ ಗಂಡ ಚಿಕ್ಕೀರಯ್ಯ ಜಗಲಿ ಮೇಲೆ ಚಾಪೆ ಹಾಸ್ಕೊಂಡು ಮಲಗೋ ಹಾಗಾಯ್ತಂತೆ. ಪಾಪ, ಆತ ಸೊಲ್ಲೆತ್ತೋ ಗಂಡಸಲ್ಲ.

ಸಾಮಾನು ಮಾತ್ರ ಅಲ್ಲ ಮಗ, ಮಾತನ್ನೂ ಹಾಗೇ ಕೂಡಿಡೋಳು. ಮದುವೆ ಚಪ್ಪರದಲ್ಲಿ ಯಾರು ಏನಂದ್ರು, ನಾಮಕರಣಕ್ಕೆ ಯಾರು ಕರೀಲಿಲ್ಲ, ಬಾವಿಕಟ್ಟೇಲಿ ಯಾರು ಮುಖ ತಿರುಗಿಸಿದ್ರು, ಒಂದನ್ನೂ ಮರೆತೋಳಲ್ಲ. ಒನಕೆ ಹಿಡಿದು ಭತ್ತ ಕುಟ್ತಾ ಅದನ್ನೇ ಮೆಲುಕು ಹಾಕೋಳು, ಮಲಗಿದ್ರೂ ಅದೇ. ನಿದ್ದೆಗೆ ಅವಳ ತಲೇಲಿ ಜಾಗವೇ ಇರಲಿಲ್ಲ ಅನ್ನು.

ಅವಳಿಗೆ ಮೂರು ಜನ ಹೆಣ್ಣುಮಕ್ಕಳು. ಆಗೆಲ್ಲಾ ಹೆಣ್ಣುಮಗಳ ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು. ಬಿಸಿ ಬಿಸಿ ನೀರು ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ, ಬೆಳ್ಳುಳ್ಳಿ ಸಾರು ಉಣ್ಣಿಸಿ, ತಾಯಿ ಮಗಳನ್ನ ಮತ್ತೆ ಮಗು ಮಾಡ್ಕೊಳ್ಳೋ ಕಾಲ ಅದು. ಹೊನ್ನಾಜಮ್ಮನಿಗೆ ಆ ಆಸೆ ಬೆಟ್ಟದಷ್ಟು. ದೊಡ್ಡ ಮಗಳು ಏಳು ತಿಂಗಳಿಗೆ ಬಂದ್ಳು, ಕಾಲು ಚಾಚೋಕೆ ಜಾಗ ಸಿಗದೆ ಮೂರೇ ದಿನಕ್ಕೆ ಅತ್ತೆ ಮನೆಗೆ ವಾಪಸ್ ಹೋದ್ಳು. ನಡುವಿನೋಳು ಬಂದ್ಳು, ಕೋಣೇಲಿ ಪೇರಿಸಿಟ್ಟ ಮಡಕೆ ಸಾಲು ಅವಳ ಪಕ್ಕಕ್ಕೇ ಧಡಾರ್ ಅಂತ ಬಿತ್ತು, ಬೀಗರು ಹೆದರಿ ಗಾಡಿ ಕಟ್ಟಿಸ್ಕೊಂಡು ಕರ್ಕೊಂಡು ಹೋದ್ರು. ಇನ್ನು ಉಳಿದೋಳು ಕೊನೇ ಮಗಳು ಕೆಂಪಾಜಿ. ಅವಳೂ ಬಸುರಿಯಾದ್ಳಂತೆ.

ಆಷಾಢ ಮಾಸದಲ್ಲಿ ಕೆಂಪಾಜಿ ಅತ್ತೆ ಮರಿನಿಂಗಮ್ಮ ಹೇಳಿ ಕಳಿಸಿದ್ಳು. ಬೀಗಿತ್ತಿ, ಪದ್ಧತಿ ತಪ್ಪಿಸೋಳು ನಾನಲ್ಲ, ಆದ್ರೆ ಗೌರಿ ಹಬ್ಬದ ದಿನ ಸೊಸೇನ ಕರ್ಕೊಂಡು ನಾನೇ ಬರ್ತೀನಿ, ಬಾಣಂತಿ ಮಂಚಕ್ಕೊಂದು ಜಾಗ, ತೊಟ್ಟಿಲು ಕಟ್ಟೋಕೊಂದು ಜಾಗ, ಕೆಂಡದ ಅಗ್ಗಿಷ್ಟಿಕೆ ಇಡೋಕೊಂದು ಜಾಗ, ಈ ಮೂರು ಕಣ್ಣಿಗೆ ಕಂಡ್ರೆ ಬಿಟ್ಟು ಹೋಗ್ತೀನಿ, ಇಲ್ಲಾಂದ್ರೆ ಅದೇ ಗಾಡೀಲಿ ವಾಪಸ್ ಕರ್ಕೊಂಡು ಹೋಗ್ತೀನಿ ಅಂದ್ಳಂತೆ. ಹೊನ್ನಾಜಮ್ಮ ಲೆಕ್ಕ ಹಾಕಿದ್ಳು. ಇದೊಂದೂ ಕೈತಪ್ಪಿದ್ರೆ ಈ ಜನ್ಮದಲ್ಲಿ ತನ್ನ ಕೈಯಲ್ಲಿ ಬಾಣಂತನ ಇಲ್ಲ.

ಸೆರಗು ಸಿಕ್ಕಿಸ್ಕೊಂಡು ಶುರು ಮಾಡಿದ್ಳು. ಮೊದಲನೇ ಸಲ ಏನು ಮಾಡಿದ್ಳು ಗೊತ್ತಾ? ಕೋಣೇಲಿದ್ದದ್ದನ್ನೆಲ್ಲ ಪಡಸಾಲೆಗೆ ಹಾಕಿದ್ಳು, ಪಡಸಾಲೇದನ್ನ ಕೊಟ್ಟಿಗೆಗೆ ಹಾಕಿದ್ಳು, ಕೊಟ್ಟಿಗೇಲಿದ್ದ ಎಮ್ಮೇನ ಬೀದಿಗೆ ಕಟ್ಟಿದ್ಳು. ಕೋಣೆ ಏನೋ ಖಾಲಿಯಾಯ್ತು. ಎಮ್ಮೆ ಸುಮ್ಮನಿರುತ್ತಾ? ಹಗ್ಗ ಕಿತ್ಕೊಂಡು ಪಕ್ಕದ ಮನೆ ಹಿತ್ತಲಿಗೆ ನುಗ್ಗಿ ಸೋರೆಬಳ್ಳೀನೆಲ್ಲ ಮೇದು ಬಂತು. ಊರೋರ ಬಾಯಿಗೆ ಹೆದರಿ ಎಮ್ಮೆ ಕೊಟ್ಟಿಗೆಗೆ ಬಂತು, ಕೊಟ್ಟಿಗೇದು ಪಡಸಾಲೆಗೆ ಬಂತು, ಪಡಸಾಲೇದು ಕೋಣೆಗೆ ಬಂತು. ನಗ್ಬೇಡ, ನಿಮ್ಮಮ್ಮನೂ ನೆಂಟರು ಬಂದಾಗ ಹಿಂಗೇ ಮಾಡೋದು.

ಎರಡನೇ ಸಲ ರೋಷ ಬಂತು. ಕೇರಿಯೋರನ್ನೆಲ್ಲ ಕೂಗಿ, ಬನ್ರವ್ವಾ, ಯಾರಿಗೇನು ಬೇಕೋ ಹೊತ್ಕೊಂಡು ಹೋಗಿ ಅಂದ್ಬಿಟ್ಳು. ಮಧ್ಯಾಹ್ನದೊಳಗೆ ಮನೆ ಬಯಲಾಯ್ತು. ಸಂಜೆ ಅನ್ನೋ ಹೊತ್ತಿಗೆ ಅಯ್ಯೋ ಆ ಕುಡುಗೋಲು, ಅಯ್ಯೋ ಆ ಗಂಟೆ ಅಂತ ಮನೆಮನೆ ಬಾಗಿಲಿಗೆ ಹೋಗಿ ವಾಪಸ್ ಕೇಳಿದ್ಳು. ಅವರೋ ಧಾರಾಳಿಗಳು, ಇವಳ ಸಾಮಾನಿನ ಜೊತೆಗೆ ತಮ್ಮ ಮನೆಯ ಮುರುಕಲು ಮಣೆ, ಸೀಳು ಬಿಟ್ಟ ಗಡಿಗೆ, ಇದೂ ನಿನಗೇ ಇರ್ಲಿ ಹೊನ್ನಾಜಮ್ಮ, ನೀನಾದ್ರೆ ಜೋಪಾನ ಮಾಡ್ತೀಯ ಅಂತ ಸೇರಿಸಿ ಕೊಟ್ರು. ಹೋದದ್ದಕ್ಕಿಂತ ಬಂದದ್ದೇ ಜಾಸ್ತಿಯಾಯ್ತಂತೆ! ಹೂಂ ಅನ್ನು.

ಮಾರನೇ ದಿನ ಬೆಳಗ್ಗೆ ಬಾಗಿಲಲ್ಲಿ ಕೂತು ಗೊಳೋ ಅಂತ ಅಳ್ತಾ ಇದ್ಳಂತೆ. ಆ ಹೊತ್ತಿಗೆ ಬುಟ್ಟಿ ಮೊರ ಹೆಣೆಯೋ ಮೇದರ ಗಿಡ್ಡವ್ವ ತಲೆ ಮೇಲೆ ಮೊರ ಪೇರಿಸ್ಕೊಂಡು ಬಂದ್ಳು. ಹೊನ್ನಾಜಮ್ಮ ಕಣ್ಣೊರೆಸ್ಕೊಂಡು, ಒಂದು ಮೊರ ಕೊಟ್ಟು ಹೋಗು ಗಿಡ್ಡವ್ವ, ಅಕ್ಕಿ ಕೇರೋಕೂ ಮನೇಲಿ ಮೊರ ಸಿಕ್ತಿಲ್ಲ ಅಂದ್ಳು. ಗಿಡ್ಡವ್ವ ನಕ್ಕುಬಿಟ್ಳು. ಅಲ್ಲ ತಾಯಿ, ನನ್ನ ಕೈಯಿಂದಲೇ ಹನ್ನೊಂದು ಮೊರ ತಗೊಂಡಿದ್ದೀಯ, ನಾನು ಮಾರೋಳು ನಿಜ, ಆದ್ರೆ ಹನ್ನೆರಡನೇದು ಕೊಡಲ್ಲ, ಒಳಗೆ ಹೋಗಿ ಒಂದನ್ನ ಹುಡುಕ್ಕೊಂಡು ಬಾ, ಆಮೇಲೆ ಒಂದು ಕೆಲಸ ಹೇಳಿಕೊಡ್ತೀನಿ ಅಂದ್ಳು. ಅರ್ಧ ದಿನ ಹುಡುಕಿ ಒಂದು ಮೊರ ತಂದ್ಳಂತೆ.

ಗಿಡ್ಡವ್ವ ಹೇಳಿದ್ಳು. ನೋಡು ತಾಯಿ, ಬೆಳಗ್ಗೆ ಎದ್ದು ಬಾಗಿಲು ಸಾರಿಸಿ, ರಂಗೋಲಿ ಇಡೋಕೆ ಮುಂಚೆ, ಒಳಗಿಂದ ಒಂದು ಮೊರದ ತುಂಬ ಸಾಮಾನು ತಗೊಂಡು ಜಗಲಿಗೆ ಬಾ. ಎರಡು ಮೊರ ಬೇಡ, ಅರ್ಧ ಮೊರಾನೂ ಬೇಡ. ಅಕ್ಕಿ ಕೇರೋ ಹಾಗೆ ಕೇರು. ಒಂದೊಂದೇ ಕೈಗೆ ತಗೊಂಡು, ಬರೋ ಹಬ್ಬದೊಳಗೆ ಇದನ್ನ ಯಾರು ಮುಟ್ತಾರೆ ಅಂತ ಕೇಳ್ಕೋ. ನಿಮ್ಮನೆಯೋರ ಹೆಸರು ಬಂದ್ರೆ ಅದು ಕಾಳು, ಒಳಗಿಡು. ಬೇರೆಯೋರ ಹೆಸರು ಬಂದ್ರೆ ಅವತ್ತೇ ಅವರ ಮನೆ ಸೇರಿಸು. ಯಾರ ಹೆಸರೂ ಬರಲಿಲ್ಲ ಅಂದ್ರೆ ಹೊಟ್ಟು, ತಿಪ್ಪೆಗೆ ಹಾಕು. ಮೊರ ಬರಿದಾಗದೆ ರಂಗೋಲಿ ಪುಡಿ ಮುಟ್ಬೇಡ.

ಇನ್ನೊಂದು, ಸಂಜೆ ದೀಪಕ್ಕೆ ಬತ್ತಿ ಹೊಸೀತೀಯಲ್ಲ, ಆಗ ಗಂಡನ್ನ ಪಕ್ಕ ಕೂರಿಸ್ಕೊಂಡು ಮನಸ್ಸಲ್ಲಿ ಕೂಡಿಟ್ಟಿರೋ ಹಳೇ ಮಾತಲ್ಲಿ ಒಂದನ್ನ ಬಾಯಿಬಿಟ್ಟು ಹೇಳು. ದಿನಕ್ಕೆ ಒಂದೇ. ಹೇಳಿದ್ದನ್ನ ಇನ್ನೊಂದು ದಿನ ಹೇಳೋ ಹಾಗಿಲ್ಲ. ಇಷ್ಟು ಹೇಳಿ ಮೊರ ಹೊತ್ಕೊಂಡು ಹೊರಟೇಹೋದ್ಳಂತೆ.

ಮೊದಲ ದಿನ ಹೊನ್ನಾಜಮ್ಮ ತಳ ಹೋದ ಚೊಂಬು ಹಿಡ್ಕೊಂಡು ಹೊತ್ತು ಮಾರುದ್ದ ಏರೋ ತನಕ ಕೂತಿದ್ಳು. ಕೇರಿಗೆಲ್ಲ ರಂಗೋಲಿ ಬಿದ್ದಿದೆ, ಇವಳ ಬಾಗಿಲು ಮಾತ್ರ ಬೋಳು. ಹೋಗೋರು ಬರೋರೆಲ್ಲ ಏನು ಹೊನ್ನಾಜಮ್ಮ, ಹುಷಾರಿಲ್ವಾ ಅಂತ ಕೇಳೋರೇ. ನಾಚಿಕೆಗೆ ಮೊರ ಬರಿದು ಮಾಡಿದ್ಳು. ಎರಡನೇ ದಿನ ಅಷ್ಟು ಕಷ್ಟ ಆಗ್ಲಿಲ್ಲ. ಎಂಟನೇ ದಿನಕ್ಕೆ ಅವಳ ರಂಗೋಲಿಯೇ ಕೇರಿಗೆ ಮೊದಲು. ಎತ್ತಿನ ಗಂಟೆ ಕೈಗೆ ಬಂದ ದಿನ ಮಾತ್ರ ಬಹಳ ಹೊತ್ತು ಅಲ್ಲಾಡಿಸಿ ಅಲ್ಲಾಡಿಸಿ ಕೇಳಿದ್ಳಂತೆ. ಮದುವೆಯಾಗಿ ಹೊಸದರಲ್ಲಿ ಆ ಎತ್ತಿನ ಗಾಡೀಲೇ ತಾನು ಈ ಮನೆಗೆ ಬಂದದ್ದು. ಆಮೇಲೆ ಎದುರುಮನೆ ಎಳೇ ಕರುವಿನ ಕೊರಳಿಗೆ ತಾನೇ ಹೋಗಿ ಕಟ್ಟಿ ಬಂದ್ಳು. ಅವತ್ತಿಂದ ದಿನಾ ಸಂಜೆ ಆ ಸದ್ದು ಬೀದೀಲಿ ಬರ್ತಿತ್ತು. ಅಟ್ಟದ ಮೇಲಿದ್ದಾಗ ಒಂದು ದಿನಾನೂ ಕೇಳದ ಸದ್ದು ನೋಡು.

ಸಂಜೆ ಬತ್ತಿ ಹೊಸೀತಾ ಒಂದೊಂದು ಮಾತು ಹೊರಗೆ ಬಂತು. ಚಿಕ್ಕೀರಯ್ಯ ಹತ್ತಿ ಬಿಡಿಸ್ತಾ ಹೂಂ, ಹೂಂ ಅನ್ನೋನು, ನಿನ್ನ ಹಾಗೇ. ಒಂದು ದಿನ ಅವನದ್ದೇ ಸರದಿ ಬಂತು. ಮದುವೆಯಾದ ಹೊಸತರಲ್ಲಿ ನನ್ನ ಸಾರಿಗೆ ಉಪ್ಪಿಲ್ಲ ಅಂತ ನಿಮ್ಮಕ್ಕನ ಮುಂದೆ ಅಂದಿದ್ರಿ ಅಂದ್ಳು. ಅವನು ಬಹಳ ಯೋಚನೆ ಮಾಡಿ, ಇರಲಿಲ್ಲ ಕಣೇ ಅಂದನಂತೆ. ಅವಳಿಗೆ ಕೋಪ ಬರೋ ಬದಲು ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ರು. ಅವತ್ತು ಅವಳಿಗೆ ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಬಂತಂತೆ.

ಹಿಂಗೇ ದಿನಕ್ಕೊಂದು ಮೊರ, ಸಂಜೆಗೊಂದು ಮಾತು. ಚಿಕ್ಕೀರಯ್ಯನ ಚಾಪೆ ಒಳಗೆ ಬಂತು. ಮಂಚಕ್ಕೆ ಜಾಗವಾಯ್ತು. ತೊಲೆಯಲ್ಲಿ ತೊಟ್ಟಿಲು ಕೊಂಡಿ ಕಾಣಿಸ್ತು. ಹೊನ್ನಾಜಮ್ಮ ಅದನ್ನ ಮರೆತೇ ಬಿಟ್ಟಿದ್ಳಂತೆ, ಮೂರು ಮಕ್ಕಳನ್ನೂ ತೂಗಿದ ಕೊಂಡಿ. ಗೌರಿ ಹಬ್ಬಕ್ಕೆ ಇನ್ನೊಂದೇ ದಿನ ಅನ್ನೋವಾಗ ಕೋಣೇಲಿ ಒಂದೇ ಒಂದು ವಸ್ತು ಉಳೀತು. ಅಗ್ಗಿಷ್ಟಿಕೆ ಇಡಬೇಕಾದ ಮೂಲೇಲಿ, ಹಳೇ ಕಂಬಳಿ ಹೊದಿಸಿ ಇಟ್ಟಿದ್ದ ಮೊರದ ಬಾಗಿನ.

ಬಾಗಿನ ಗೊತ್ತಲ್ಲ? ಗೌರಿ ಹಬ್ಬಕ್ಕೆ ತವರಿಂದ ಬರೋದು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ ಇಟ್ಟು, ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿರ್ತಾರೆ. ಹೊನ್ನಾಜಮ್ಮನ ಅವ್ವ ಪ್ರತಿ ವರ್ಷ ಮೂರು ಹರಿದಾರಿ ನಡೆದು ತಾನೇ ತರ್ತಿದ್ಳು. ಒಂಬತ್ತು ವರ್ಷದ ಹಿಂದೆ, ದೊಡ್ಡ ಮಗಳ ಮದುವೆಯಾದ ವರ್ಷ, ಅವ್ವ ಬರಲಿಲ್ಲ. ಅಣ್ಣನ ಕೈಲಿ ಕಳಿಸಿದ್ಳು. ಹೊನ್ನಾಜಮ್ಮನಿಗೆ ಉರಿದುಹೋಯ್ತು. ಮೊಮ್ಮಗಳ ಮದುವೆಯಾದ ವರ್ಷವೇ ಅವ್ವನಿಗೆ ಬರೋಕೆ ಬೇಜಾರಾ ಅಂತ ಅಣ್ಣನಿಗೆ ಒಂದು ಲೋಟ ನೀರೂ ಕೊಡದೆ ಕಳಿಸಿದ್ಳು. ದಾರ ಬಿಚ್ಚಲೇ ಇಲ್ಲ. ದೀಪಾವಳಿಗೆ ಮುಂಚೆ ಅವ್ವ ತೀರಿಹೋದ್ಳು. ಇವಳು ಮಣ್ಣಿಗೆ ಹೋಗಿ ನಿಂತ ಕಾಲಲ್ಲೇ ವಾಪಸ್ ಬಂದ್ಳು, ಅಣ್ಣನ ಜೊತೆ ಮಾತು ಬಿಟ್ಳು. ಕೇರಿಯೋರು ಸಾಮಾನು ಹೊತ್ಕೊಂಡು ಹೋದ ದಿನಾನೂ ಅದನ್ನ ಮುಟ್ಟೋಕೆ ಬಿಟ್ಟಿರಲಿಲ್ಲ, ಮೊರ ಕೇರಿದ ಇಷ್ಟೂ ದಿನ ಆ ಮೂಲೆ ಕಡೆ ಮಾತ್ರ ಅವಳ ಕೈ ಹೋಗಿರಲಿಲ್ಲ.

ಅವತ್ತು ಸಂಜೆ ಬತ್ತಿ ಹೊಸೀತಾ ಕೂತ್ರೆ ಹೇಳೋಕೆ ಬೇರೆ ಮಾತೇ ಉಳಿದಿರಲಿಲ್ಲ. ಕೊನೆಗೆ ಅದೇ ಬಂತು. ಅವ್ವ ಬರಲಿಲ್ಲ ಕಣ್ರೀ ಅಂದ್ಳು.

ಚಿಕ್ಕೀರಯ್ಯ ಈ ಸಲ ಹೂಂ ಅನ್ನಲಿಲ್ಲ. ನಿಮ್ಮವ್ವನಿಗೆ ಆ ವರ್ಷ ಕಣ್ಣು ಹೋಗಿತ್ತು ಕಣೇ ಅಂದನಂತೆ. ನಿಮ್ಮಣ್ಣ ಹೋಗ್ತಾ ದಾರೀಲಿ ನನಗೆ ಹೇಳಿದ. ಮಗಳಿಗೆ ಹೇಳ್ಬೇಡ, ಹಬ್ಬದ ದಿನ ಅಳ್ತಾಳೆ ಅಂತ ಅವ್ವನೇ ಆಣೆ ಹಾಕಿಸ್ಕೊಂಡಿದ್ಳಂತೆ. ಹೊನ್ನಾಜಮ್ಮನ ಕೈಯಿಂದ ಬತ್ತಿ ಜಾರಿಬಿತ್ತು. ಒಂಬತ್ತು ವರ್ಷದಿಂದ ಯಾಕೆ ಹೇಳಲಿಲ್ಲ ಅಂದ್ಳು. ಹೇಳೋಕೆ ಬಂದಾಗೆಲ್ಲ ಅವ್ವನ ಸುದ್ದಿ ಬೇಡ ಅಂತ ನೀನೇ ಎದ್ದು ಹೋಗ್ತಿದ್ದೆ, ನಿನ್ನೊಳಗೆ ಜಾಗ ಎಲ್ಲಿತ್ತೇ ಅಂದ ಅವನು.

ಬೆಳಗ್ಗೆ ಬಾಗಿಲು ಸಾರಿಸಿ, ಆ ಬಾಗಿನ ಜಗಲಿಗೆ ತಂದು ದಾರ ಬಿಚ್ಚಿದ್ಳು. ಅಕ್ಕಿ ಹುಳ ತಿಂದು ಮುಕ್ಕಾಲು ಹಿಟ್ಟಾಗಿತ್ತು. ಬೆಲ್ಲ ಇದ್ದ ಜಾಗದಲ್ಲಿ ಬರೀ ಕಪ್ಪು ಕಲೆ. ಬಳೆ ಮಾತ್ರ ಹಂಗೇ ಹಸಿರು ಹಸಿರು. ಬಳೆ ಕೆಳಗೆ ಮಡಿಸಿಟ್ಟ, ಕೂಸಿನ ತಲೆಗೆ ಹಾಕೋ ಒಂದು ಕುಲಾವಿ. ಅವ್ವನ ಹಸಿರು ಸೀರೆ ಅಂಚಲ್ಲೇ ಹೊಲಿದದ್ದು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಅರ್ಧ ಕೆಂಪು ದಾರ, ಅರ್ಧ ಬಿಳಿ. ಕಣ್ಣು ಕಾಣದೆ, ಬರೀ ಬೆರಳಲ್ಲಿ ತಡವಿ ತಡವಿ, ಮೊಮ್ಮಗಳಿಗೆ ಹುಟ್ಟೋ ಕೂಸಿಗೆ ಅಂತ ಹೊಲಿದಿದ್ಳು ಆ ಮುದುಕಿ. ಹೊನ್ನಾಜಮ್ಮ ಅದನ್ನ ಮುಖಕ್ಕೆ ಒತ್ಕೊಂಡು ಅತ್ಳು ಮಗ. ಒಂಬತ್ತು ವರ್ಷ ಅಳದೇ ಇದ್ದದ್ದನ್ನೆಲ್ಲ ಅತ್ಳು. ದೊಡ್ಡೋಳ ಕೂಸು, ನಡುವಿನೋಳ ಕೂಸು, ಎರಡೂ ಇದನ್ನ ಹಾಕ್ಕೊಳ್ದೇ ಬೆಳೆದುಬಿಟ್ವಲ್ಲ ಅಂತ ಅತ್ಳು.

ಆಮೇಲೆ ಎದ್ದು ಗಂಡನ್ನ ಅಣ್ಣನ ಊರಿಗೆ ಅಟ್ಟಿದ್ಳು, ಕೈಹಿಡಿದು ಕರ್ಕೊಂಡು ಬನ್ನಿ ಅಂತ. ಹುಳ ತಿಂದ ಅಕ್ಕಿ ಕೇರಿ ಗುಬ್ಬಿಗಳಿಗೆ ಹಾಕಿ, ಬಾಗಿಲ ತುಂಬ ರಂಗೋಲಿ ಇಟ್ಳು. ಮಧ್ಯಾಹ್ನಕ್ಕೆ ಮರಿನಿಂಗಮ್ಮನ ಗಾಡಿ ಬಂತು. ಆಕೆ ಮಂಚ ನೋಡಿದ್ಳು, ಕೊಂಡಿ ನೋಡಿದ್ಳು, ಮೂಲೇಲಿ ಅಗ್ಗಿಷ್ಟಿಕೆ ನೋಡಿದ್ಳು, ಮಂಚದ ಮೇಲಿಟ್ಟ ಕುಲಾವಿ ಕೈಗೆತ್ಕೊಂಡು ಆ ಸೊಟ್ಟ ಹೊಲಿಗೆ ಮೇಲೆ ಬೆರಳಾಡಿಸಿ ಯಾರು ಹೊಲಿದದ್ದು ಅಂತ ಕೇಳಿದ್ಳು. ನಮ್ಮವ್ವ ಅಂದ್ಳು ಹೊನ್ನಾಜಮ್ಮ. ಮರಿನಿಂಗಮ್ಮ ಕುಲಾವೀನ ಮಂಚದ ಮೇಲೇ ಇಟ್ಟು, ಸೊಸೆ ಗಂಟು ಇಳಿಸೋ ಅಂತ ಗಾಡಿಯೋನಿಗೆ ಕೂಗಿದ್ಳಂತೆ. ಸಂಜೆಗೆ ಅಣ್ಣ ಬಂದ. ಲೋಟ ಏನು, ಚೊಂಬಿನ ತುಂಬ ನೀರು, ಬೆಲ್ಲ, ಎಲ್ಲಾ ಕೊಟ್ಟು ಕಾಲು ಹಿಡ್ಕೊಂಡ್ಳು. ಕೆಂಪಾಜಿ ಕೈಗೆ ಅವ್ವನ ಹಸಿರು ಬಳೆ ತೊಡಿಸಿದ್ರು. ಮುಂದಿನ ತಿಂಗಳು ಹೆಣ್ಣುಕೂಸು ಹುಟ್ಟಿತು. ಕುಲಾವಿ ಅಳತೆ ತೆಗೆದ ಹಾಗೆ ಕೂತಿತಂತೆ.

ಆ ಕೂಸು ಯಾರು ಗೊತ್ತಾ? ನನ್ನಜ್ಜಿ. ಈ ಕತೆ ನನಗೆ ಹೇಳಿದೋಳು ಅವಳೇ, ದಿನಾ ಬತ್ತಿ ಹೊಸೀತಾ. ಈಗ ಬತ್ತಿ ಅಂಗಡೀಲಿ ಪೊಟ್ಟಣದಲ್ಲಿ ಬರುತ್ತೆ, ಹತ್ತಿರ ಕೂತು ಹೂಂ ಅನ್ನೋರು ಕಮ್ಮಿ. ನನಗೆ ಅವಳ ಬೆರಳು ನೆನಪಾಗುತ್ತೆ ಮಗ, ಹತ್ತಿ ವಾಸನೆ ನೆನಪಾಗುತ್ತೆ. ದೀಪ ಹಚ್ಚಿದ ಮೇಲೆ ನನ್ನ ಗಲ್ಲ ಹಿಡಿದು, ಇವತ್ತಿನ ಮಾತು ಏನಾದ್ರೂ ಉಳಿದಿದ್ರೆ ಹೇಳಿಬಿಡೇ ಅನ್ನೋಳು. ಆ ಕುಲಾವಿ ನನ್ನ ತಲೆಗೂ ಬಂತು, ನಿಮ್ಮಪ್ಪನ ತಲೆಗೂ ಬಂತು, ನೀನು ಹುಟ್ಟಿದಾಗ ನಿನ್ನ ತಲೆಗೂ ಹಾಕಿದ್ದೆ. ನನ್ನ ಪೆಟ್ಟಿಗೇಲಿ ಅದೊಂದೇ ಹಳೇದು ಇರೋದು, ಬೇಕಾದ್ರೆ ನಾಳೆ ನೋಡು.

ಸರಿ, ಈಗ ನಿನ್ನ ಸರದಿ. ಪಕ್ಕದ ಮನೆ ಲಚ್ಚಿ ಜೊತೆ ಟೂ ಬಿಟ್ಟಿದ್ದೀಯಂತಲ್ಲ, ಅದೇನು ಅಂತ ನನ್ನ ಕಿವೀಲಿ ಹೇಳಿಬಿಡು. ಹೂಂ. ಹೂಂ. ಅಷ್ಟೇನಾ? ಬೆಳಗ್ಗೆ ಎದ್ದು ಮಾತಾಡಿಸು. ಕಣ್ಣು ಮುಚ್ಚು ನನ್ನ ಬಂಗಾರ, ಮೊರವೂ ಬರಿದಾಯ್ತು, ರಂಗೋಲಿಯೂ ಇಟ್ಟಾಯ್ತು, ನನ್ನ ಕತೆಯೂ ಇಲ್ಲಿಗೆ ಮುಗೀತು.