ತುಟಿ ನೋಡು, ಮಗಾ

ಪೂಜ್ಯ ಶಿವಬಾಯಿ ಅವ್ವನವರ ಮಠವೆಂದರೆ ಮಲಪ್ರಭೆಯ ದಂಡೆಯಲ್ಲಿ ಎರಡು ಕಲ್ಲಿನ ಕೋಣೆ, ಒಂದು ಅಡುಗೆಮನೆ, ಅಷ್ಟೇ. ಪಾದಪೂಜೆಗೆ ಬಂದವರಿಗೂ ಅವ್ವನವರ ದರ್ಶನವಾಗುತ್ತಿದ್ದುದು ಅಡುಗೆಮನೆಯ ಹೊಸ್ತಿಲಲ್ಲೇ, ಪಲ್ಲೆಯ ಸೊಪ್ಪು ಸೋಸುತ್ತ ಕುಳಿತಿರುವಾಗ.

ಒಂದು ಸೋಮವಾರ ಮಧ್ಯಾಹ್ನ ಗುಳೇದಗುಡ್ಡದ ನೇಕಾರ ಕಾಡಪ್ಪನನ್ನು ಅವನ ಅಕ್ಕ ನೀಲವ್ವ ಅಲ್ಲಿಗೆ ಕರೆತಂದಳು. ಹನ್ನೊಂದು ವರ್ಷಗಳಿಂದ ಕಾಡಪ್ಪನಿಗೆ ಯಾರೂ ಆಡದ ಮಾತುಗಳು ಕೇಳಿಸುತ್ತಿದ್ದವು. ವೈದ್ಯರು ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿ ಗುಳಿಗೆ ಕೊಟ್ಟಿದ್ದರು. ದನಿಗಳು ಕಡಿಮೆಯಾಗಿದ್ದವು, ಹೋಗಿರಲಿಲ್ಲ. ಅವ್ವನವರು ತಲೆಯ ಮೇಲೆ ಕೈಯಿಟ್ಟರೆ ಹೋದಾವೆಂದು ನೀಲವ್ವ ನಂಬಿದ್ದಳು.

ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಬಂದಿದ್ದ ಕಾಡಪ್ಪನಿಗೆ ಮಠದ ಬಾಗಿಲು ದಾಟುವಷ್ಟರಲ್ಲಿ ಎಲ್ಲ ಕಲಸಿಹೋಗಿತ್ತು. ಪಂಕ್ತಿಯಲ್ಲಿ ಉಣ್ಣುವವರ ಗದ್ದಲ, ತಟ್ಟೆಗಳ ಸದ್ದು. ಅದರೊಳಗೆ ಯಾರೋ ‘ಇವನನ್ನ ಹೊರಗ ಹಾಕ್ರಿ’ ಎಂದರು. ಉಣ್ಣುವವರೋ, ಅಲ್ಲವೋ? ‘ಬಾ, ಕೂಡು’ ಎಂದಿತು ಒಂದು ದನಿ. ‘ಕೂಡಬ್ಯಾಡ’ ಎಂದಿತು ಇನ್ನೊಂದು. ಅವನು ಕೂರಲೂ ಆಗದೆ, ಓಡಲೂ ಆಗದೆ ಅರ್ಧ ಬಗ್ಗಿ ನಿಂತು, ಹೊಸ್ತಿಲಲ್ಲಿದ್ದ ಅವ್ವನವರನ್ನು ಕೇಳಿದ:

“ಅವ್ವಾರ, ಕೂಡು ಅಂದವರು ನೀವಾ?”

“ನಾನೇ. ತುಟಿ ನೋಡು, ಮಗಾ.” ಅವ್ವನವರು ನಿಧಾನವಾಗಿ ಮತ್ತೊಮ್ಮೆ ಹೇಳಿದರು: “ಕೂಡು.”

ತುಟಿಗಳು ಅಲುಗಿದವು. ಕಾಡಪ್ಪ ಕುಳಿತ. ‘ಕೂಡಬ್ಯಾಡ’ ಎನ್ನುವುದು ಇನ್ನೂ ನಿಂತಿರಲಿಲ್ಲ. ಆದರೆ ಆ ಮಾತಿಗೆ ತುಟಿ ಇರಲಿಲ್ಲ.

“ಆ ದನಿ ಯಾವಾಗ ಜೋರಾಗತಾವ?” ಎಂದು ಕೇಳಿದರು ಅವ್ವನವರು, ನೀಲವ್ವ ಎಲ್ಲ ಹೇಳಿದ ಮೇಲೆ.

ದನಿಗಳು ಏನೆನ್ನುತ್ತವೆಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಕಾಡಪ್ಪ ಬೆರಳು ಮಡಚುತ್ತ ಎಣಿಸಿದ.

“ಮಂದಿ ಕೂಡಿದಾಗ... ನಿದ್ದಿ ಕೆಟ್ಟಾಗ... ಅಕ್ಕ ಒದರಿದಾಗ.”

ನೀಲವ್ವನ ಮುಖ ಕಪ್ಪಿಟ್ಟಿತು. “ಅವನ ಸಲುವಾಗೇ ಒದರತೇನ್ರಿ ನಾನು! ಅವ್ವಾರ, ಇವು ಯಾವಾಗ ಹೋಗತಾವ, ಅದನ್ನ ಹೇಳ್ರಿ.”

ಅವ್ವನವರು ಕೈಯಲ್ಲಿದ್ದ ಪಲ್ಲೆಯನ್ನು ಕೆಳಗಿಟ್ಟರು.

“ನನಗ ಗೊತ್ತಿಲ್ಲವ್ವಾ. ಗುಳಿಗಿ ಬಿಡಿಸಬ್ಯಾಡ. ಈಗ ಅವಗ ಏನು ಬೇಕು, ಅವನನ್ನೇ ಕೇಳು.”

ದೇವರಂಥವರೇ ಗೊತ್ತಿಲ್ಲವೆಂದ ಮೇಲೆ ನೀಲವ್ವ ಗೋಡೆಗೊರಗಿ ಕುಳಿತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು: “ತಮ್ಮಾ, ನಾನೇನು ಮಾಡ್ಲಿ?”

“ಹೊರಗ ಹೋಗೂಣು. ಸ್ವಲ್ಪ ಹೊತ್ತು ಏನೂ ಅನಬ್ಯಾಡ.”

ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕುಳಿತರು. ನೀಲವ್ವನ ಬಾಯಿಗೆ ನೂರು ಮಾತು ಬಂದವು. ಒಂದನ್ನೂ ಆಡಲಿಲ್ಲ. ದನಿಗಳು ಇದ್ದೇ ಇದ್ದವು, ಮೊದಲಿಗಿಂತ ದೂರದಲ್ಲಿ. ಅಕ್ಕ ಇಷ್ಟು ಹೊತ್ತು ಸುಮ್ಮನಿರುವುದು ನಿಜವೋ ಅಲ್ಲವೋ ಎಂದು ತಿಳಿಯದೆ ಕಾಡಪ್ಪ ಮತ್ತೆ ಮತ್ತೆ ತಿರುಗಿ ಅವಳ ತುಟಿ ನೋಡಿದ. ನೋಡಿದಾಗಲೆಲ್ಲ ಅವಳು ಅಲ್ಲೇ ಇದ್ದಳು.