ಪೆನ್ವಿಲ್‌ಗೆ ಹಾಕಿದ ಚೆಂಡು

ಕಪಿಲಾ ನದಿಯ ದಡದ ಆ ಆಶ್ರಮಕ್ಕೆ ಶಾಂತಿ ಹುಡುಕಿಕೊಂಡು ಬಂದವರಲ್ಲಿ ಟ್ರೆಲೋರ್ ಒಬ್ಬ. ಒಂದು ಕಾಲಕ್ಕೆ ಆಸ್ಟ್ರೇಲಿಯದ ಅತಿ ವೇಗದ ಬೌಲರ್. ಇಲ್ಲಿದ್ದು ಕನ್ನಡ ಕಲಿತಿದ್ದ. ಶಾಂತಿ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಗುರುಗಳ ಮುಂದೆ ಬಂದು ಕೂತ.

"ಊರಿಗೆ ಹೋಗಬೇಕು, ಗುರುಗಳೇ. ನಾನು ಆಡುತ್ತಿದ್ದ ಮೈದಾನದಲ್ಲಿ ನನ್ನ ಪ್ರತಿಮೆ ನಿಲ್ಲಿಸುತ್ತಿದ್ದಾರೆ."

"ಬದುಕಿರುವಾಗಲೇ?"

"ಹೌದು."

"ಪಾಪ. ಹೋಗಿ ಬಾ."

"ಪೆನ್ವಿಲ್ ಕೂಡ ಬರುತ್ತಾನಂತೆ."

ಗುರುಗಳು ಆ ಹೆಸರು ಕೇಳಿರಲಿಲ್ಲ. ಟ್ರೆಲೋರ್ ವಿವರಿಸಿದ. ಪೆನ್ವಿಲ್ ಇಂಗ್ಲೆಂಡಿನವನು, ಅವನೂ ವೇಗದ ಬೌಲರ್. ಬ್ಯಾಟ್ ಹಿಡಿಯಲು ಬಾರದವನು, ಎಲ್ಲರೂ ಔಟಾದ ಮೇಲೆ ಕೊನೆಯವನಾಗಿ ಬರುತ್ತಿದ್ದ. ಅಂಥವನಿಗೆ ತಲೆಯೆತ್ತರದ ಚೆಂಡು ಹಾಕುವುದಿಲ್ಲ ಎಂಬುದು ವೇಗದ ಬೌಲರುಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ಎಲ್ಲೂ ಬರೆದಿಲ್ಲ. ಯಾರೂ ಮುರಿಯುವುದಿಲ್ಲ.

"ನೀನು ಮುರಿದೆ."

"ಗೆಲ್ಲಲು ಅವನೊಬ್ಬನ ವಿಕೆಟ್ ಬೇಕಿತ್ತು. ಔಟಾಗಲೇ ಇಲ್ಲ. ಜನ ನನ್ನನ್ನು ನೋಡಿ ನಗತೊಡಗಿದರು. ಆಗೆಲ್ಲ ಹೆಲ್ಮೆಟ್ ಇರಲಿಲ್ಲ. ಎಡಗಣ್ಣು ಹೋಯಿತು. ಅವನು ಮತ್ತೆ ಆಡಲಿಲ್ಲ."

"ಪಂದ್ಯ?"

"ಗೆದ್ದೆವು."

"ಆಸ್ಪತ್ರೆಗೆ ಹೋಗಿ ನೋಡಿದೆಯಾ?"

"ಇಲ್ಲ."

ಟ್ರೆಲೋರ್ ತಾನೇ ಮುಂದುವರಿಸಿದ.

"ಈಗ ಅವನಿಗೆ ಏನು ಹೇಳಬೇಕೆಂದು ಯೋಚಿಸಿದ್ದೇನೆ. ಮಾಡುವವನು ನಾನಲ್ಲ ಎಂದು ನೀವೇ ಕಲಿಸಿದಿರಿ."

ಆಶ್ರಮದಲ್ಲಿ ಎಲ್ಲರಿಗೂ ತುಂಬ ಹಿಡಿಸಿದ ಪಾಠ ಅದೇ.

"ನಿಜವೂ ಅದೇ, ಗುರುಗಳೇ. ಬೇಕೆಂದು ಹಾಕಲಿಲ್ಲ. ಕೋಪ ಬಂದಿತ್ತು, ಕೈ ತಾನಾಗಿ ಹಾಕಿತು. ಹಾಗೆ ಹೇಳಿದರೆ ಸರಿಯೆ?"

"ನಿನ್ನ ಚೀಲದಲ್ಲಿ ಒಂದು ಚೆಂಡಿದೆಯಲ್ಲ, ತಾ."

ಟ್ರೆಲೋರ್ ತಲೆ ತಗ್ಗಿಸಿದ. ಎಲ್ಲ ಬಿಟ್ಟು ಬಂದವನು ಆ ಪಂದ್ಯದ ಚೆಂಡನ್ನು ಮಾತ್ರ ಬಿಟ್ಟಿರಲಿಲ್ಲ.

ಗುರುಗಳು ಊರುಗೋಲು ಹಿಡಿದು ಅರಳಿಮರದ ಮುಂದೆ ನಿಂತರು.

"ಹಾಕು."

ಅವನು ನಾಲ್ಕು ಹೆಜ್ಜೆ ಬಂದು ಮೆಲ್ಲಗೆ ಹಾಕಿದ. ಚೆಂಡು ಗುರುಗಳ ಕಾಲ ಬಳಿ ಬಿತ್ತು. ಅವರು ಅದನ್ನು ಕೋಲಿನಿಂದ ಹಿಂದಕ್ಕೆ ತಟ್ಟಿದರು.

"ಇಷ್ಟೇನಾ? ಇದಕ್ಕೂ ಪ್ರತಿಮೆ ನಿಲ್ಲಿಸುತ್ತಾರಾ?"

ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು. ಒಬ್ಬಳು ನಕ್ಕಳು.

"ನಮ್ಮ ದನ ಕಾಯುವವರು ಇದಕ್ಕಿಂತ ಜೋರಾಗಿ ಕಲ್ಲೆಸೆಯುತ್ತಾರೆ" ಎಂದರು ಗುರುಗಳು, ಎಲ್ಲರಿಗೂ ಕೇಳುವಂತೆ.

ಈಗ ಎಲ್ಲರೂ ನಕ್ಕರು.

ಟ್ರೆಲೋರನ ಕುತ್ತಿಗೆ ಕೆಂಪೇರಿತು. ಚೆಂಡು ಎತ್ತಿಕೊಂಡು ದೂರ ನಡೆದ. ಮಂಡಿನೋವು ಮರೆತು, ಹಿಂದಿನ ಹಾಗೆಯೇ, ಪೂರ್ತಿ ಓಟ ಓಡಿಬಂದ. ಕೈ ಮೇಲೆದ್ದಿತು. ಆಗ ಮುದುಕನ ಬೋಳುತಲೆ ಕಂಡಿತು.

ಚೆಂಡು ಮೆಲ್ಲಗೆ ಬಂದು ಮತ್ತೆ ಗುರುಗಳ ಕಾಲ ಬಳಿಯೇ ಬಿತ್ತು.

ಗುರುಗಳು ಅದನ್ನು ಎತ್ತಿ, ಮಣ್ಣು ಒರೆಸಿ, ಅವನ ಅಂಗೈಯಲ್ಲಿಟ್ಟರು.

"ಕೈ ನಿನ್ನ ಮಾತು ಕೇಳುತ್ತದಲ್ಲಪ್ಪ."